ಭೀಮಶಾನ ಒಂದೇ ಮಂತ್ರ

೧೯೭೮ರ ಒಂದು ರವಿವಾರ ಮಧ್ಯಾಹ್ನ, ಸೊಲ್ಲಾಪುರದ ಹಾಸ್ಟೆಲಿನಲ್ಲಿ ಸಾತಲಿಂಗಪ್ಪ ಮುಂಬಯಿಯಿಂದ ತಂದಿದ್ದ ಅಮೇರಿಕದ ಆಟದ ಪುಸ್ತಕ ಬಿಚ್ಚಿದ. ಒಬ್ಬೊಬ್ಬನೂ ಒಂದು ಪಾತ್ರ ಆರಿಸಿ, ಹಾಳೆಯ ಮೇಲೆ ಬರೆದುಕೊಂಡು, ದಾಳ ಹಾಕುತ್ತ ಮಾತಿನಲ್ಲೇ ರಾಕ್ಷಸನ ಗುಹೆ ಹೊಗಬೇಕು.

"ಭೀಮಶಾ, ನೀ ಕತ್ತಿ ಹಿಡಿಯಾಂವ ಆಗು. ನಿಮ್ಮ ಕರಜಗಿ ಮಂದಿಗೆ ಅದs ಸರಳ," ಎಂದ ಸಾತಲಿಂಗಪ್ಪ.

ಆಟಕ್ಕೆ ಕೂತಿದ್ದ ಉಳಿದಿಬ್ಬರು ನಕ್ಕರು. ಕರಜಗಿ ಹಳ್ಳಿಯ ಕುರಿಗಾರರ ಮನೆಯಿಂದ ಬಂದಿದ್ದ ಭೀಮಶಾನಿಗೆ ಅದು ಚುಚ್ಚಿತು. ಮಂತ್ರಗಾರನ ನಿಯಮಗಳು ಪುಟಗಟ್ಟಲೆ ಇದ್ದವು. ಡಿಕ್ಷನರಿ ಹಿಡಿದು ಅಷ್ಟನ್ನೂ ಓದಿ ಆ ಪಾತ್ರವನ್ನೇ ಆರಿಸಿದ. ಹೊಸ ಮಂತ್ರಗಾರನಿಗೆ ದಿನಕ್ಕೆ ಒಂದೇ ಮಂತ್ರ. ಒಂದೆರಡು ಏಟು ಬಿದ್ದರೆ ಸಾವು. ಅವನು ನಿದ್ದೆಯ ಮಂತ್ರ ಬರೆದುಕೊಂಡ.

ಗುಹೆಯ ಬಾಗಿಲಲ್ಲಿ ನಾಯಿಗಳಿವೆ ಎಂದು ಆಟ ನಡೆಸುತ್ತಿದ್ದ ಸಾತಲಿಂಗಪ್ಪ ಹೇಳಿದ್ದೇ ತಡ, ಭೀಮಶಾ ಅವನ್ನು ಮಲಗಿಸಿಬಿಟ್ಟ.

"ಹುಚ್ಚಾ, ರಾಕ್ಷಸಗ ಇಟ್ಕೋಬೇಕಿತ್ತಲ್ಲೋ," ಎಂದ ಸಾತಲಿಂಗಪ್ಪ.

"ನೀ ಎಂದರ ಕುರಿ ಹಟ್ಟಿಗಿ ಹೋಗಿಯೇನು? ನಾಯಿ ಬೊಗಳಿದ್ರ ಒಳಗಿನಾಂವ ಮಲಗಿರ್ತಾನೇನು?"

ಸಾತಲಿಂಗಪ್ಪ ಭೀಮಶಾನ ಹಾಳೆಯಲ್ಲಿದ್ದ ಮಂತ್ರದ ಮೇಲೆ ಗೆರೆ ಎಳೆದ. "ಇದ್ದೊಂದು ಮಂತ್ರ ಮುಗೀತು. ಈಗರ ಕತ್ತಿ ತಗೋ, ಹಾಳಿ ಬದಲ್ ಮಾಡಿಕೊಡ್ತೀನಿ," ಎಂದ.

"ಬ್ಯಾಡ. ಮಂತ್ರಗಾರನಾಗೇ ಇದ್ದು, ನಿಮಗ ಕಂದೀಲ ಹಿಡಕೊಂಡು ಬರ್ತೀನಿ, ನಡೀರಿ," ಎಂದ ಭೀಮಶಾ.