ಹದಿನಾಲ್ಕು ಸಲ ನೋಡಿದ ದೃಶ್ಯ

ಗುಲಾಬಿಯ ಎದುರು ಸಿನಿಮಾದ ಮಾತೆತ್ತುವವರು ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡೇ ಎತ್ತಬೇಕಿತ್ತು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಕೈ ಅಲ್ಲಿದ್ದರೂ ಮನಸ್ಸು ಯಾವುದೋ ಹಳೆಯ ಚಿತ್ರದ ಯಾವುದೋ ದೃಶ್ಯದಲ್ಲಿರುತ್ತಿತ್ತು. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗಲೂ ಅದೇ ಮಾತು.

"ಆ ಚಿತ್ರದಲ್ಲಿ ನಾಯಕಿ ಅಳುವ ಮೊದಲೇ ಪಿಟೀಲು ಅಳುತ್ತದೆ ಮಾರಾಯ್ರೆ. ಮತ್ತೆ ಅವಳಿಗೆ ಎಂತ ಕೆಲಸ ಉಂಟು?"

ಹೀಗೆ ಕೊಂಕು ತೆಗೆದರೂ ಅವಳಲ್ಲಿ ದೂರಿಗಿಂತ ಮೆಚ್ಚುಗೆಯೇ ಹೆಚ್ಚು. ಒಂದು ಒಳ್ಳೆಯ ದೃಶ್ಯ ಸಿಕ್ಕರೆ ಸಾಕು, ಇಡೀ ಚಿತ್ರದ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವವಳು. ಅವಳ ಪ್ರಕಾರ ಕನ್ನಡದಲ್ಲಿ ಬಂದ ಎಲ್ಲ ದೃಶ್ಯಗಳಿಗಿಂತ ದೊಡ್ಡ ದೃಶ್ಯ ಒಂದೇ. ಅದು 'ಹಾಯಿಗಟ್ಟಿದ ಮನೆ' ಎಂಬ ಚಿತ್ರದಲ್ಲಿತ್ತು.

ಮೂವತ್ತೈದು ವರ್ಷದ ಹಿಂದೆ ಆ ಚಿತ್ರ ಮುಲ್ಕಿಯ ಟೆಂಟಿಗೆ ಬಂದಿತ್ತು. ಗುಲಾಬಿಯ ಅಮ್ಮ ಟೆಂಟಿನ ಬಾಗಿಲಲ್ಲಿ ಹುರಿದ ನೆಲಗಡಲೆ ಮಾರುತ್ತಿದ್ದಳು. ಬುಟ್ಟಿ ಹೊತ್ತ ಹುಡುಗಿಗೆ ಟಿಕೆಟ್ ಕೇಳುವವರಿರಲಿಲ್ಲ. ಹದಿನಾಲ್ಕು ಸಲ ನೋಡಿದಳು. ಕಥೆಯಲ್ಲಿ ಗಂಡ ಹಾಯಿಹಡಗಿನಲ್ಲಿ ಹೋಗಿರುತ್ತಾನೆ. ಹಡಗು ಮುಳುಗಿತೆಂದು ತಂತಿ ಬರುತ್ತದೆ. ಅಂಚೆಯವನು ಓದಿ ಹೇಳುತ್ತಾನೆ. ಹೆಂಡತಿ ಏನೂ ಹೇಳದೆ ಬಾಗಿಲು ಮುಚ್ಚುತ್ತಾಳೆ. ಮರುಕ್ಷಣವೇ ಬೆಳಗು. ಅವಳು ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಾಳೆ. ಸಂಗೀತವಿಲ್ಲ, ರಾಟೆಯ ಕಿರುಗುಟ್ಟುವ ಸದ್ದೊಂದೇ.

"ಒಂದು ತೊಟ್ಟು ಕಣ್ಣೀರು ತೋರಿಸಲಿಲ್ಲ. ಆದರೆ ಆ ರಾಟೆ ಕೇಳಿದರೆ ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿಯುತ್ತಿತ್ತು. ಅವನಲ್ಲವಾ ನಿರ್ದೇಶಕ!"

ಈ ದೃಶ್ಯ ಅವಳಿಗೆ ಬರಿಯ ಸಿನಿಮಾ ಆಗಿ ಉಳಿದಿರಲಿಲ್ಲ. ಬೆಂಗಳೂರಿನ ವಾಸುದೇವನನ್ನು ಮದುವೆಯಾಗಿ, ಮನೆಮಾತು ತುಳುವಿನಿಂದ ಕನ್ನಡಕ್ಕೆ ತಿರುಗಿ, ಗಂಡನ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಬಂದು ಹತ್ತು ವರ್ಷಕ್ಕೆ ಅವನು ಎದೆನೋವಿನಿಂದ ತೀರಿಕೊಂಡ. ಗುಲಾಬಿ ಯಾರ ಎದುರೂ ಅಳಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಆಗ ಹದಿನೆಂಟರ ಮಗಳು ಜಯಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಂಗೆ ಅಪ್ಪ ಅಂದ್ರೆ ಏನೂ ಅಲ್ವಾ?" ಎಂದು ಕೇಳಿದ್ದಳು.

ಅದಕ್ಕೆ ಉತ್ತರವಾಗಿ ಗುಲಾಬಿ ಆ ದೃಶ್ಯವನ್ನು ಹೇಳಲು ನೋಡಿದಳು. ಬಾಗಿಲು ಮುಚ್ಚಿತು, ಆಮೇಲೆ ಬೆಳಗಾಯಿತು ಎಂದರೆ ಕೇಳಿದವರಿಗೆ ಏನನ್ನಿಸೀತು? ಅದನ್ನು ಕಣ್ಣಿನಿಂದಲೇ ನೋಡಬೇಕು. ಜಯಂತಿ ಈಗ ಹತ್ತಿರದ ಊರು ಡ್ಯಾನ್‌ವಿಲ್‌ನಲ್ಲಿದ್ದಳು. ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದಳು, ಬರುವಾಗ ಗ್ರೋಸರಿ ತರುತ್ತಿದ್ದಳು. ಆ ಪ್ರಶ್ನೆಯನ್ನು ಮಾತ್ರ ಇಬ್ಬರೂ ಆರು ವರ್ಷದಿಂದ ಸುತ್ತಿ ಬಳಸಿ ನಡೆಯುತ್ತಿದ್ದರು.

ಆ ಚಿತ್ರಕ್ಕೆ ವಿಡಿಯೋ ಕ್ಯಾಸೆಟ್ ಇರಲಿಲ್ಲ. ಗುಲಾಬಿ ಕೂಟದ ಅಧ್ಯಕ್ಷ ವ್ಯಾಸರಾಜನ ಬೆನ್ನು ಹತ್ತಿದಳು. ಮೂರು ವರ್ಷ ಪೀಡಿಸಿದ ಮೇಲೆ, ಎಂಬತ್ತಾರರ ಚಳಿಗಾಲದಲ್ಲಿ, ಬೆಂಗಳೂರಿನಿಂದ ನಾಲ್ಕು ತಗಡಿನ ಡಬ್ಬಿಗಳಲ್ಲಿ ಪ್ರಿಂಟು ಬಂದಿಳಿಯಿತು.

ಭಾನುವಾರ ಮಧ್ಯಾಹ್ನ, ಮಿಲ್ಪಿಟಾಸಿನ ಒಂದು ಶಾಲೆಯ ಸಭಾಭವನ. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ವಾರವೆಲ್ಲ ಎಂಜಿನಿಯರಾಗಿದ್ದು ಕೂಟದ ದಿನ ಪ್ರೊಜೆಕ್ಟರ್ ನಡೆಸುವ ವೆಂಕಟಾಚಲ ಮೊದಲ ಸುರುಳಿ ಏರಿಸಿ ಕಾಯುತ್ತಿದ್ದ. ವ್ಯಾಸರಾಜ, "ಗುಲಾಬಕ್ಕ, ಎರಡೇ ಎರಡು ನಿಮಿಷ ಮಾತಾಡಿ" ಎಂದ. ಅವಳು ಒಂಬತ್ತು ನಿಮಿಷ ಮಾತಾಡಿದಳು. ಕೊನೆಗೆ ಡ್ಯಾನ್‌ವಿಲ್‌ನಿಂದ ಬಂದು ಕುಳಿತಿದ್ದ ಮಗಳ ಕಡೆ ನೋಡುತ್ತ, "ಆ ಹೆಂಗಸು ಅಳುವುದಿಲ್ಲ. ಯಾಕೆ ಅಂತ ನೀವೇ ನೋಡಿ" ಎಂದು ಹೇಳಿ ಜಯಂತಿಯ ಪಕ್ಕದಲ್ಲಿ ಬಂದು ಕುಳಿತಳು.

ಅರ್ಧ ಚಿತ್ರ ಕಳೆದ ಮೇಲೆ ತಂತಿ ಬಂತು. ಅಂಚೆಯವನು ಓದಿದ. ಬಾಗಿಲು ಮುಚ್ಚಿತು. ಗುಲಾಬಿ ಮಗಳ ಮಣಿಕಟ್ಟು ಹಿಡಿದು, "ಈಗ" ಎಂದಳು.

ಬೆಳಗಾಗಲಿಲ್ಲ. ಬಾಗಿಲ ಒಳಗಿನ ಕತ್ತಲೆ ಕಾಣಿಸಿತು. ವೀಣೆ ಮಿಡಿಯಿತು. ಅದೇ ಹೆಂಗಸು, ಗಂಡನ ಸುತ್ತಿಟ್ಟ ಹಾಸಿಗೆಗೆ ಮುಖವೊತ್ತಿ, ಹಾಡುತ್ತ, ಬಿಕ್ಕುತ್ತ, ಮತ್ತೆ ಹಾಡುತ್ತ, ಮೂರೂವರೆ ನಿಮಿಷ ಅತ್ತಳು.

"ಅಮ್ಮ, ಅಳ್ತಿದಾಳಲ್ಲ" ಎಂದು ಜಯಂತಿ ಪಿಸುಗುಟ್ಟಿದಳು.

ಹಿಂದಿನ ಸಾಲಿನಿಂದ ವ್ಯಾಸರಾಜ, "ಗುಲಾಬಕ್ಕ, ನಿಮ್ಮ ಹೀರೋಯಿನ್ನು ಕೆಆರ್‌ಎಸ್ ಗೇಟೇ ತೆಗೆದುಬಿಟ್ರಲ್ಲ!" ಎಂದ. ಇಡೀ ಸಭೆ ಗೊಳ್ಳೆಂದಿತು. ಗುಲಾಬಿ ಮಣಿಕಟ್ಟು ಬಿಟ್ಟಳು. ಆಮೇಲೆ ಬಾವಿಯೂ ಬಂತು, ರಾಟೆಯೂ ಕಿರುಗುಟ್ಟಿತು. ಅವಳ ಕಿವಿಗೆ ಯಾವುದೂ ಇಳಿಯಲಿಲ್ಲ.

ಚಿತ್ರ ಮುಗಿದು ಜನ ಹೊರಗೆ ಬಿಸಿಬೇಳೆಬಾತಿಗೆ ಸಾಲು ಹಚ್ಚಿದಾಗ ಅವಳು ನೇರ ವೆಂಕಟಾಚಲನ ಹತ್ತಿರ ಹೋದಳು.

"ಈ ಹಾಡು ಎಲ್ಲಿಂದ ಬಂತು ಮಾರಾಯ್ರೆ? ನಾನು ಹದಿನಾಲ್ಕು ಸಲ ನೋಡಿದ್ದು. ಇರಲಿಲ್ಲ."

"ಎಲ್ಲಿ ನೋಡಿದ್ದು ಅಕ್ಕ?"

"ಮುಲ್ಕಿಯಲ್ಲಿ. ಟೆಂಟಿನಲ್ಲಿ."

ವೆಂಕಟಾಚಲ ನಕ್ಕ. "ಅಲ್ಲೇ ಇದೆ ನೋಡಿ ವಿಷ್ಯ. ಮಂಡ್ಯ ಕಡೆ ನಮ್ಮ ಸೋದರಮಾವಂದೂ ಟೂರಿಂಗ್ ಟಾಕೀಸ್ ಇತ್ತು. ಅಳೋ ಹಾಡು ಶುರುವಾದ್ರೆ ಗಂಡಸ್ರೆಲ್ಲ ಬೀಡಿ ಸೇದೋಕೆ ಎದ್ದು ಹೋಗೋರು. ಆಮೇಲೆ ಆಟ ಬಿಡೋದು ತಡವಾಗಿ ಕೊನೆ ಬಸ್ಸು ತಪ್ಪಿತು ಅಂತ ಮಾವನ ಮೇಲೆ ಜಗಳ. ಅದಕ್ಕೆ ಹಾಡನ್ನೇ ಕತ್ತರಿಸಿ ಡಬ್ಬಿಲಿ ಇಟ್ಬಿಡೋರು. ಪ್ರಿಂಟು ವಾಪಸ್ ಕಳಿಸೋವಾಗ ಅಂಟಿಸೋರು."

"ಹಾಗಾದರೆ ಅದು ನಿರ್ದೇಶಕ ಮಾಡಿದ್ದಲ್ಲವಾ?"

"ಬಸ್ಸಿನ ಟೈಮ್ ಟೇಬಲ್ ಮಾಡಿದ್ದು ಅಕ್ಕ."

ಗುಲಾಬಿ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಟೆಂಟಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಆರು ಹಾಡುಗಳಿವೆಯೆಂದು ಯಾರೋ ಅಂದದ್ದು ಅವಳಿಗೆ ಗೊತ್ತಿತ್ತು. ಆಗ ಅವಳಿಗೆ ಓದು ಬರುತ್ತಿರಲಿಲ್ಲ. ಟೆಂಟಿನಲ್ಲಿ ಕೇಳಿಸಿದ್ದು ಐದೇ, ಆರನೆಯದು ಗ್ರಾಮಫೋನ್ ಪ್ಲೇಟಿಗಾಗಿ ಹಾಡಿಸಿದ್ದಿರಬೇಕು ಎಂದುಕೊಂಡಿದ್ದಳು.

ಕಾಗದದ ತಟ್ಟೆ ಹಿಡಿದು ಬಂದ ಜಯಂತಿ ಮಾತೆಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಕೆಳಗಿಟ್ಟಳು.

"ಅದನ್ನ ನೋಡಿ ನೀನು... ಅಪ್ಪ ಹೋದಾಗ..."

"ಹೂಂ. ಏನೂ ಹೇಳದೆ ಎದ್ದು ಕೆಲಸಕ್ಕೆ ಹೋಗುವುದೇ ದೊಡ್ಡ ದುಃಖ ಅಂತ ಮಾಡಿದ್ದೆ. ಅದು ಅಷ್ಟು ಚಂದ ಇತ್ತು ಮಗಾ. ನಿನಗೂ ಕಾಣುತ್ತದೆ ಅಂತ ಗ್ರಹಿಸಿದೆ."

"ಅಳು ಬಂದಿತ್ತಾ?"

"ಬರದೆ? ಬೆಸುಗೆ ಹಾಕುವಾಗ ಕನ್ನಡಕ ಎಷ್ಟು ಸಲ ಒರೆಸಿದೆ! ಸೂಪರ್‌ವೈಸರು ಹೊಗೆ ಅಂತ ತಿಳಿದು ಫ್ಯಾನು ತಂದಿಟ್ಟ."

ಜಯಂತಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅವಳು ವೆಂಕಟಾಚಲನ ಕಡೆ ತಿರುಗಿದಳು. "ಅಂಕಲ್, ಆ ಸಾಂಗ್ ಬಿಟ್ಟು ತೋರಿಸಕ್ಕಾಗತ್ತಾ? ಮುಲ್ಕಿ ವರ್ಷನ್. ಐ ವಾಂಟ್ ಟು ಸೀ ಇಟ್."

"ಹಾಲಿನ ಕೀಲಿ ಆರು ಗಂಟೆಗೆ ಕೊಡ್ಬೇಕಮ್ಮ. ಟೈಮಿದೆ. ಬಾಗಿಲು ಮುಚ್ಚಿದ ತಕ್ಷಣ ಲೆನ್ಸಿಗೆ ಕೈ ಅಡ್ಡ ಹಿಡಿದು ಸೌಂಡು ಆಫ್ ಮಾಡಿ, ಹಾಡು ದಾಟಿಸಿ ಬಾವಿಗೆ ತಂದು ಬಿಡ್ತೀನಿ. ಸ್ವಲ್ಪ ಕಾಯ್ಬೇಕು."

ದೀಪ ಆರಿಸಿದರು. ಖಾಲಿ ಕುರ್ಚಿಗಳ ನಡುವೆ ತಾಯಿ ಮಗಳು ಇಬ್ಬರೇ. ಬಾಗಿಲು ಮುಚ್ಚಿತು. ಮೂರೂವರೆ ನಿಮಿಷ ಪರದೆ ಕಪ್ಪಗಿತ್ತು, ಯಂತ್ರದ ಗಿರಗಿರ ಮಾತ್ರ ಕೇಳುತ್ತಿತ್ತು. ಗುಲಾಬಿ, "ಇಷ್ಟು ಹೊತ್ತಲ್ಲ, ಕಣ್ಣು ಮಿಟುಕಿಸುವಷ್ಟೇ" ಎಂದಳು. ಜಯಂತಿ ತಲೆಯಾಡಿಸಿದಳು. ಆಮೇಲೆ ಬೆಳಗು, ಬಾವಿಕಟ್ಟೆ, ರಾಟೆ.

ರಾಟೆಯ ಸದ್ದು ನಿಂತ ಮೇಲೂ ಜಯಂತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಒಳ್ಳೆ ಕಟ್ ಅಮ್ಮ" ಎಂದಳು ಕೊನೆಗೆ. "ರಿಯಲಿ. ಆ ಟೆಂಟಿನವನು ಎಡಿಟರ್ ಆಗ್ಬೇಕಿತ್ತು."

ಗುಲಾಬಿ ಸೆರಗು ಸರಿಮಾಡಿಕೊಂಡಳು. "ವೆಂಕಟಾಚಲರೇ, ಈಗ ಹಾಡನ್ನೂ ಹಾಕಿ. ಆಗ ನಾಚಿಕೆಯಲ್ಲಿ ಎಂತದೂ ಸರಿ ನೋಡಲಿಲ್ಲ."

ಅವನು ಸುರುಳಿಯನ್ನು ಹಿಂದಕ್ಕೆ ತಿರುಗಿಸಿದ. ವೀಣೆ ಮಿಡಿಯಿತು. ಗುಲಾಬಿ ಮುಂದಕ್ಕೆ ಬಾಗಿದಳು.

"ನೋಡು ನೋಡು, ಮೊದಲ ಚರಣ ಪೂರ್ತಿ ಕ್ಯಾಮೆರಾ ಬೆನ್ನ ಹಿಂದೆಯೇ ಉಂಟು. ಮುಖ ತೋರಿಸುವ ಆಸೆ ತಡೆದುಕೊಂಡಿದ್ದಾನೆ. ದೊಡ್ಡವನೇ ಇವನು, ನಾನು ತಪ್ಪು ಕಾರಣಕ್ಕೆ ಹೊಗಳಿದ್ದು ಅಷ್ಟೇ. ವೀಣೆಯೂ ಅವಳು ಉಸಿರೆಳೆದುಕೊಳ್ಳುವಲ್ಲಿ ನಿಲ್ಲುತ್ತದೆ. ಕೇಳಿದೆಯಾ? ಇನ್ನು ಎರಡನೇ ಚರಣಕ್ಕೆ ಕೊಳಲು ಬರಬೇಕು ನೋಡು..."

ಕೊಳಲು ಬಂತು. ಗುಲಾಬಿಯ ಭುಜ ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿತು, ಆಮೇಲೆ ಅವಳು ತಡೆಯಲಿಲ್ಲ. ಜಯಂತಿ ಕುರ್ಚಿಯನ್ನು ಸರ್ರನೆ ಹತ್ತಿರಕ್ಕೆಳೆದು ಅಮ್ಮನ ಬೆನ್ನಿಗೆ ಕೈ ಹಾಕಿದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

ಹಾಡು ಮುಗಿಯಿತು. ವೆಂಕಟಾಚಲ ಯಂತ್ರ ನಿಲ್ಲಿಸಿದ. ದೀಪ ಹಾಕಲು ಮಾತ್ರ ಹೋಗಲಿಲ್ಲ. ಕತ್ತಲೆಯಲ್ಲೇ ತಡಕಾಡುತ್ತ, ಒಂದೊಂದಾಗಿ ಸುರುಳಿಗಳನ್ನು ಡಬ್ಬಿಗೆ ತುಂಬತೊಡಗಿದ.