ಹೆಗಲ ಮೇಲಿನ ಹುಡುಗಿ

ಸ್ವಾತಂತ್ರ್ಯ ಬಂದ ದಿನದ ಆ ಎಂಟು ಸೆಕೆಂಡಿನ ಚಿತ್ರ ನೋಡದವರು ನಮ್ಮ ದೇಶದಲ್ಲಿಲ್ಲ. ಕಿಕ್ಕಿರಿದ ಬೀದಿಯಲ್ಲಿ ಒಬ್ಬ ಗಂಡಸು, ಅವನ ಹೆಗಲ ಮೇಲೆ ಬಾವುಟ ಬೀಸುವ ಪುಟ್ಟ ಹುಡುಗಿ. ವರ್ಷಕ್ಕೊಮ್ಮೆ ಟೀವಿಯಲ್ಲಿ ಬರುತ್ತದೆ, ಅಂಚೆಚೀಟಿಯ ಮೇಲೂ ಬಂದಿದೆ. ಪ್ರಿಂಟು ಸವೆದು ಮುಖ ಮಸುಕಾದ್ದರಿಂದ, ಅವನು ತಮ್ಮ ದೊಡ್ಡಪ್ಪ, ತಮ್ಮ ಸೋದರಮಾವ ಎಂದು ನಮ್ಮ ಪ್ರಸಾರ ಕೇಂದ್ರಕ್ಕೆ ಕಾಗದ ಬರೆಯುವವರು ಬೇಕಾದಷ್ಟು. ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ. ಯಾಕೆಂದರೆ ಆ ಹುಡುಗಿ ನಮ್ಮಮ್ಮ, ಆ ಗಂಡಸು ನಮ್ಮ ತಾತ.

ತಾತನ ಒಂದು ಫೋಟೊ ಕೂಡ ಮನೆಯಲ್ಲಿಲ್ಲ. ಸ್ವಾತಂತ್ರ್ಯ ಬಂದ ಒಂಬತ್ತನೇ ದಿನಕ್ಕೆ ಜ್ವರದಿಂದ ತೀರಿಕೊಂಡರು. ಅಮ್ಮನಿಗೆ ಆಗ ಐದು ವರ್ಷ; ಹೆಗಲ ಮೇಲೆ ಕೂತಿದ್ದಷ್ಟೇ ನೆನಪು. ಅವಳ ಪಾಲಿಗೆ ಅಪ್ಪ ಅಂದರೆ ಆ ಎಂಟು ಸೆಕೆಂಡು.

ಹಳೆಯ ರೀಲು ತೊಳೆದು, ಗೀರು ಅಳಿಸಿ ಸರಿಮಾಡುವುದು ನನ್ನ ಕೆಲಸ. ಈ ಸಲ ಮೂಲ ರೀಲೇ ಸಿಕ್ಕಿತು. ಕೊನೆಯಲ್ಲೊಂದು ಕ್ಲ್ಯಾಪ್‌ಬೋರ್ಡ್, ಶೂಟಿಂಗಿನ ವಿವರ ಬರೆಯುವ ಹಲಗೆ, ತಲೆಕೆಳಗಾಗಿ. ಶುರುವಿನಲ್ಲಿ ತೋರಿಸಲು ಮರೆತರೆ ಕೊನೆಗೆ ಹಾಗೆ ಹಿಡಿಯುತ್ತಾರೆ. ಅದರಲ್ಲಿದ್ದ ತಾರೀಕು ಮತ್ತೆ ಮತ್ತೆ ಓದಿದೆ. ಸ್ವಾತಂತ್ರ್ಯ ಬಂದು ಇಪ್ಪತ್ತೊಂದು ದಿನದ ಮೇಲಿನದು!

ಮೇಲಧಿಕಾರಿಯನ್ನು ಕೇಳಿದೆ. ಆತ ಫೈಲಿನಿಂದ ತಲೆ ಎತ್ತಲಿಲ್ಲ.

"ಆ ದಿನ ತೆಗೆದಿದ್ದೆಲ್ಲ ಬೆಳಕು ಬಿದ್ದು ಹಾಳಾಯ್ತಂತೆ. ಆಮೇಲೆ ಅದೇ ಬೀದಿಯವರನ್ನ ಕರೆಸಿ, ಮತ್ತೆ ಜೈಕಾರ ಕೂಗಿಸಿ ತೆಗೆದ್ರು."

"ಹಾಗಾದ್ರೆ ಇದು ಸುಳ್ಳಾ ಸಾರ್?"

"ಸುಳ್ಳು ಯಾಕಮ್ಮ? ಜನ ನಿಜ, ಬಾವುಟ ನಿಜ, ಖುಷಿ ನಿಜ. ಆ ಬೋರ್ಡ್ ಕತ್ತರಿಸಿ ಬಿಸಾಕು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೆಗಲಂತೂ ತಾತನದಲ್ಲ, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು; ಹುಡುಗಿಯಾದರೂ ಅಮ್ಮನೋ ಅಲ್ಲವೋ? ಹೇಳಲೋ ಬೇಡವೋ? ಒದ್ದಾಡುತ್ತಿರುವಾಗಲೇ ಮಾರನೇ ದಿನ ಅಮ್ಮ ಆಫೀಸಿಗೇ ಬಂದುಬಿಟ್ಟಳು.

"ತೊಳೆದಾಯ್ತೇನೇ? ತೋರಿಸು ನಮ್ಮಪ್ಪನ್ನ."

ಬೋರ್ಡ್ ಬರುವ ಮುಂಚೆ ಯಂತ್ರ ನಿಲ್ಲಿಸಿದರಾಯಿತು ಎಂದುಕೊಂಡು ಶುರುಮಾಡಿದೆ. ಪರದೆಯ ಮೇಲೆ ಹುಡುಗಿಯ ಫ್ರಾಕು ಕನ್ನಡಿಯಷ್ಟು ಸ್ಪಷ್ಟ. ಜೇಬಿನ ಮೇಲೆ ಒಂದು ಬಾತುಕೋಳಿ.

"ನಮ್ಮಮ್ಮ ಹೊಲಿದಿದ್ದು ಕಣೇ! ಮಾತಾಡ್ತಾ ಮಾತಾಡ್ತಾ ಮೂರು ಕಾಲು ಹಾಕ್ಬಿಟ್ಟಿದ್ಳು."

ಎಣಿಸಿದೆ. ಮೂರೇ! ಹುಡುಗಿ ನಮ್ಮಮ್ಮನೇ. ಆ ಸಂತೋಷದಲ್ಲಿ ಮೈಮರೆತೆ, ಯಂತ್ರ ಮುಂದಕ್ಕೆ ಓಡಿತು.

ಅಮ್ಮ ಕತ್ತು ವಾಲಿಸಿ ಬೋರ್ಡಿನ ತಾರೀಕು ಓದಿದಳು. ಬೆರಳು ಮಡಚಿದಳು.

"ಆಗ ಅಪ್ಪ ಇರ್ಲಿಲ್ವಲ್ಲೇ."

ಎಲ್ಲ ಹೇಳಲೇಬೇಕಾಯಿತು. ಕೇಳಿಸಿಕೊಂಡು, ಹಿಂದಕ್ಕೆ ತಿರುಗಿಸು ಅಂದಳು. ಗಂಡಸಿನ ಮುಖದ ಮೇಲೆ ನಿಲ್ಲಿಸಿದೆ. ಮೀಸೆಯ ಒಂದೊಂದು ಕೂದಲೂ ಕಾಣುವಷ್ಟು ಚೊಕ್ಕಟವಾಗಿ ತೊಳೆದಿದ್ದೆ. ನನ್ನ ಕೈಗಳ ಮೇಲೇ ಸಿಟ್ಟು ಬಂತು.

"ಅಪ್ಪನ್ನ ನೆನೆಸಿಕೊಂಡಾಗೆಲ್ಲ ಇವರೇ ಕಣ್ಮುಂದೆ ಬರ್ತಿದ್ರು," ಅಂದಳು ಅಮ್ಮ. ಆಮೇಲೆ, ನನಗೆ ಗೊತ್ತಿರಬಹುದೇನೋ ಎಂಬಂತೆ ನನ್ನತ್ತ ತಿರುಗಿದಳು.

"ಹಾಗಾದ್ರೆ ನಮ್ಮಪ್ಪ ಹೇಗಿದ್ರೇ?"