ಅವರ ಅಭಿಪ್ರಾಯವೂ ಅದೇ

ತಲೆಯಾಡಿಸಿದ್ದೇ ತಪ್ಪಾಯಿತು. ಅವನು ಆಡಿಸಿದ್ದು ಕೂಡದು ಎಂದು. ಗಣಿತದವನು ಅರ್ಥ ಮಾಡಿಕೊಂಡದ್ದು ಅಯ್ಯೋ ಪಾಪ ಎಂದು.

"ನೋಡಿ, ಮೇಷ್ಟ್ರಿಗೂ ಬೇಜಾರಾಗಿದೆ. ಆದ್ರೆ ಏನ್ ಮಾಡೋಕಾಗತ್ತೆ? ಅವರ ಅಭಿಪ್ರಾಯವೂ ಅದೇ," ಎಂದು ಗಣಿತದವನು ಪ್ರಿನ್ಸಿಪಾಲರಿಗೆ ಹೇಳಿದ. ಪ್ರಿನ್ಸಿಪಾಲರು ಚಹಾದ ಲೋಟ ಕೆಳಗಿಟ್ಟು ಎದ್ದರು. ವಿಷಯ ಅಲ್ಲಿಗೆ ಮುಗಿಯಿತು.

ವಿಷಯ ಇಷ್ಟೇ: ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುವ ತಾತ್ಕಾಲಿಕ ಅಧ್ಯಾಪಕಿಯನ್ನು ಮುಂದಿನ ತಿಂಗಳಿಂದ ಬಿಟ್ಟುಬಿಡುವುದು, ಪ್ರಯೋಗಗಳನ್ನೆಲ್ಲ ಹುಡುಗರಿಗೆ ಸ್ಕ್ರೀನಿನ ಮೇಲೆ ತೋರಿಸುವುದು. ವಿಭಾಗ ತಲೆಯಾಡಿಸಿದವನದು. ಒಪ್ಪಿಗೆಯೂ ಅವನದೇ ಬೇಕಿತ್ತು. ಸಿಕ್ಕಿತು.

ಅವನ ಗಂಟಲಿನಿಂದ ಒಂದು ಸಣ್ಣ ಗಂಟು ತೆಗೆದಿದ್ದರು. ಗಾಯ ಮಾಯುವ ತನಕ ಮಾತು ಕೂಡದು, ಪಿಸುಮಾತಂತೂ ಇನ್ನೂ ಕೆಟ್ಟದ್ದು ಎಂದಿದ್ದರು ಡಾಕ್ಟರು. ಸ್ಟಾಫ್ ರೂಮಿನಲ್ಲಿ ಅವನಿಗೆ ಆಕಾಶವಾಣಿ ಎಂದು ಅಡ್ಡಹೆಸರು. ಚಂದ್ರನಿಗೆ ಹೋದ ರಾಕೆಟ್ಟು, ಎಲ್ಲೋ ನಡೆಯುತ್ತಿರುವ ಯುದ್ಧ, ವಾರಪತ್ರಿಕೆಯ ಪತ್ತೇದಾರಿ ಧಾರಾವಾಹಿ, ಯಾವುದರ ಬಗ್ಗೆಯೂ ಅವನಲ್ಲಿ ಒಂದು ಅಭಿಪ್ರಾಯ ಸಿದ್ಧವಿರುತ್ತಿತ್ತು. ಕೇಳದಿದ್ದರೂ ಕೊಡುತ್ತಿದ್ದ. ಬಾಯಿ ಮುಚ್ಚಿಕೊಂಡು ಅವನು ಕೆಲಸಕ್ಕೆ ಬಂದ ಮೊದಲ ದಿನ ಇದು. ತನ್ನ ಮಾತಿಲ್ಲದೆ ಚಹಾದ ಹೊತ್ತು ಸಪ್ಪೆಯಾದೀತು ಎಂದು ಒಳಗೊಳಗೇ ಒಂದಿಷ್ಟು ಖುಷಿಯೂ ಇತ್ತು.

ಸಪ್ಪೆಯಾಗಲಿಲ್ಲ. ಪ್ರಿನ್ಸಿಪಾಲರು ಬರುವ ಮೊದಲೇ ಇತಿಹಾಸದವರು ರಾಕೆಟ್ಟಿನ ಮಾತೆತ್ತಿದ್ದರು.

"ಮೇಷ್ಟ್ರು ಏನಂತಾರೆ ಗೊತ್ತು," ಎಂದ ಗಣಿತದವನು. "ಅಲ್ಲಿ ಕಲ್ಲು ಹೆಕ್ಕೋಕೆ ಹೋದೋರಿಗೆ ಇಲ್ಲಿ ನಲ್ಲಿ ರಿಪೇರಿ ಮಾಡೋಕೆ ಬರಲ್ಲ, ಅಂತಾರೆ."

ಎಲ್ಲರೂ ನಕ್ಕರು. ಅದು ಅವನದೇ ಮಾತು. ಕೊನೆಗೆ ತುಸು ಎಳೆಯುವ ರೀತಿಯೂ ಅವನದೇ.

"ಆದ್ರೂ ವಿಜ್ಞಾನ ಬೇಕು ಅಂತಾನೂ ಅಂತಾರೆ," ಎಂದರು ಇತಿಹಾಸದವರು, ಅವನ ಕಡೆ ನೋಡದೆ.

"ಅಂತಾರೆ. ಕನ್ನಡಕ ತೆಗೆದು ಅಂತಾರೆ."

ಅವನ ಕೈ ಆಗಲೇ ಕನ್ನಡಕದ ಮೇಲಿತ್ತು. ಇಳಿಸಿದ.

ಆಮೇಲೆ ಧಾರಾವಾಹಿ. ಈ ವಾರದ ಕಂತನ್ನು ಅವನು ಓದಿರಲಿಲ್ಲ. ಆದರೂ ಕೊಲೆ ಮಾಡಿದ್ದು ವಕೀಲನ ತಮ್ಮನೇ ಎಂದು ಅವನು ಅಭಿಪ್ರಾಯಪಟ್ಟ, ಇತಿಹಾಸದವರು ಖಂಡಿಸಿದರು, ಅವನು ಬಿಟ್ಟುಕೊಡಲಿಲ್ಲ. ಇಷ್ಟೂ ಅವನು ತುಟಿ ಬಿಚ್ಚದೆ, ಗಣಿತದವನ ಬಾಯಲ್ಲಿ ನಡೆಯಿತು. ವಾದ ಚೆನ್ನಾಗಿತ್ತು. ಅವನಿಗೂ ಒಪ್ಪಿಗೆಯಾಯಿತು. ಪ್ರಿನ್ಸಿಪಾಲರು ಒಳಗೆ ಬಂದದ್ದು ಆಗ.

ಮಧ್ಯಾಹ್ನ ಅಧ್ಯಾಪಕಿ ಪ್ರಯೋಗಶಾಲೆಯಲ್ಲಿ ಮಸೂರಗಳನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ನೀವೇ ಹೇಳಿದ್ರಂತೆ ಸರ್."

ಅವನು ಅಲ್ಲವೆಂದು ಕೈಯಾಡಿಸಿದ.

"ಪರವಾಗಿಲ್ಲ. ನೀವು ಹೇಳೋದ್ರಲ್ಲೂ ನ್ಯಾಯ ಇದೆ. ಕೈಯಲ್ಲಿ ಹಿಡಿದು ನೋಡಿದ್ರೇನು, ಸ್ಕ್ರೀನ್ ಮೇಲೆ ನೋಡಿದ್ರೇನು, ಬೆಳಕು ಬಾಗೋದು ಒಂದೇ ತರ. ಹೋದ ವರ್ಷ ಭಾಷಣದಲ್ಲಿ ಅಂದಿದ್ರಿ."

ಅಂದಿದ್ದ. ಚಪ್ಪಾಳೆಯೂ ಬಿದ್ದಿತ್ತು.

ಬಾಯಿ ತೆರೆದ.

"ಬೇಡ ಸರ್. ಗಾಯ ಬಿಚ್ಕೊಳ್ಳತ್ತೆ."

ಅವನು ಆಡಬೇಕೆಂದಿದ್ದುದು ಅದೊಂದೇ ಮಾತು, ಬೇಡ. ಅದನ್ನೂ ಅವಳೇ ಆಡಿಬಿಟ್ಟಳು. ಗೋಡೆಯ ಮೇಲೆ ಬೋರ್ಡಿತ್ತು, ಕೆಳಗೆ ಸೀಮೆಸುಣ್ಣವಿತ್ತು. ಬರೆಯಲಿಕ್ಕೆ ತನ್ನದೆಂಬ ಮಾತೊಂದು ಬೇಕಲ್ಲ. ಹುಡುಕಿದ. ಸಿಕ್ಕಿದ್ದೆಲ್ಲ ಗಣಿತದವನ ದನಿಯಲ್ಲಿತ್ತು. ಅವಳು ಪೆಟ್ಟಿಗೆ ಮುಚ್ಚಿ, ಅವನ ಪಕ್ಕದಿಂದ ಸರಿದು ಹೊರಟುಹೋದಳು.

ಸಂಜೆ ನೇರ ಮನೆಗೆ ಹೋಗಲಿಲ್ಲ. ಬೀದಿಗಳಲ್ಲಿ ಸುತ್ತಿದ. ಎದುರಿಗೆ ಬಂದ ಪರಿಚಿತರು ನಿಂತು ಮಾತಾಡಿಸಿದರು, ತಾವೇ ಉತ್ತರಿಸಿಕೊಂಡರು, ತೃಪ್ತರಾಗಿ ಹೋದರು.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಕಿಟಕಿ ತೆರೆದಿತ್ತು. ಒಳಗೆ ಹೆಂಡತಿ, ಮಗಳು, ಭಾವಮೈದ. ಮೂಲೆಯ ಕುರ್ಚಿ ಖಾಲಿಯಿತ್ತು; ಅದರ ಬೆನ್ನಿಗೆ ಅವನ ಸ್ವೆಟರು ಹಾಕಿತ್ತು. ಮಗಳಿಗೆ ಚಿತ್ರಕಲೆ ಕಲಿಯುವ ಹಂಬಲ. ಆ ಮಾತೇ ನಡೆದಿತ್ತು.

"ಯಂತ್ರವೇ ಚಿತ್ರ ಬರೆಯೋ ಕಾಲದಲ್ಲಿ ನೀನು ಕುಂಚ ಹಿಡ್ಕೊಂಡು ಏನು ಮಾಡ್ತೀಯ?" ಎಂದಳು ಹೆಂಡತಿ. ದನಿ ಅವಳದು. ಕೊನೆಗೆ ತುಸು ಎಳೆದಳು.

"ಭಾವ ಹೇಳೋದು ಸರಿ," ಎಂದ ಭಾವಮೈದ.

ಮಗಳು ಕುರ್ಚಿಯ ಕಡೆ ತಿರುಗಿದಳು. "ಅಪ್ಪಾ, ಒಂದು ವರ್ಷ ಮಾತ್ರ," ಎಂದಳು. ಕಣ್ಣು ತುಂಬಿತ್ತು. ಕಾದಳು. ಆಮೇಲೆ ತಲೆ ತಗ್ಗಿಸಿ, "ಆಯ್ತು," ಎಂದಳು.

ಕಲಿಯಲಿ ಎನ್ನಬೇಕಿತ್ತು. ಗಂಟಲು ಹರಿದರೂ ಸರಿ. ಅವನು ಓಡಿಹೋಗಿ ಬೆಲ್ ಒತ್ತಿದ. ಒಳಗೆ ಮಾತು ನಿಂತಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿ, ಕಿಟಕಿಯತ್ತ ಬಾಗಿ ನೋಡಿದ.

ಹೆಂಡತಿ ಎದ್ದು ನಿಂತಿದ್ದಳು. ಅವಳು ಬಾಗಿಲತ್ತ ನೋಡುತ್ತಿರಲಿಲ್ಲ. ಕುರ್ಚಿಯತ್ತ ನೋಡುತ್ತಿದ್ದಳು, ಬಾಗಿಲು ತೆಗೆಯಲೇ ಎಂದು ಕೇಳುವವಳಂತೆ. ಆಮೇಲೆ, ಉತ್ತರ ಸಿಕ್ಕವಳಂತೆ, ಬಂದು ಕಿಟಕಿಯ ಪರದೆ ಎಳೆದಳು.